ಎಂಟು ಅಡಿ ಸರಿದ ನೆರಳು

ಪೋರ್ಟ್ ಹ್ಯಾಲಮ್
೬ ಫೆಬ್ರುವರಿ ೧೯೯೪

ಲಿಯೋನಿ,

ನಿನ್ನ ಶಾಲೆಯ ಸುದ್ದಿಪತ್ರ ಬಂತು. ಕಳಿಸಿದ್ದು ನೀನಲ್ಲ, ನಿನ್ನ ಹೆಡ್‌ಮಾಸ್ಟರ್ ಡನ್‌ಸ್ಟನ್. ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಗೊತ್ತಾಯಿತು. ಅಂಗಡಿಗಳ ಮುಂದೆ ಕ್ಯಾನ್ವಾಸಿನ ಬಿಸಿಲುಮರೆ ಕಟ್ಟುವ ನನ್ನಂಥವನಿಗೆ ಒಬ್ಬ ಹೆಡ್‌ಮಾಸ್ಟರ್ ಸುಮ್ಮನೆ ಸುದ್ದಿಪತ್ರ ಕಳಿಸುವುದಿಲ್ಲ. ಅವನಿಗೆ ಏನೋ ಬೇಕಾಗಿದೆ. ಇರಲಿ, ಅದು ಆಮೇಲೆ.

ಮುಖಪುಟದಲ್ಲಿ ನೀನು, ಸುತ್ತ ನಲವತ್ತೊಂದು ಮಕ್ಕಳು, ನಲವತ್ತೊಂದು ಟೋಪಿ. ಎಣಿಸಿದ್ದೇನೆ. ಒಂದೇ ಬಣ್ಣ, ಒಂದೇ ಅಗಲದ ಅಂಚು, ಒಂದೇ ಕೈಯ ಹೊಲಿಗೆ. ಮೂವತ್ತೊಂದು ವರ್ಷ ಕ್ಯಾನ್ವಾಸ್ ಕತ್ತರಿಸಿದ್ದೇನೆ, ಹತ್ತು ಹೆಜ್ಜೆ ದೂರದಿಂದ ಕಾಲಂಗುಲದ ತಪ್ಪು ನನ್ನ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಕೇಳುತ್ತೇನೆ, ಆ ಟೋಪಿಗಳನ್ನು ಮಾರಿದವರು ಯಾರು? ‘ಟೋಪಿ ಇಲ್ಲ, ಆಟ ಇಲ್ಲ’ ಎಂಬ ನಿಯಮ ಬರೆದವನ ಭಾಮೈದನದು ಟೋಪಿ ಅಂಗಡಿಯೇನೋ, ಮೊದಲು ವಿಚಾರಿಸು. ನಾವು ಏಳು ಮಕ್ಕಳು ಕಬ್ಬಿನ ಗದ್ದೆಯ ಪಕ್ಕ ಬರಿತಲೆಯಲ್ಲಿ ಬೆಳೆದೆವು. ಜನವರಿಯ ಸುಡುಬೇಸಿಗೆಯಲ್ಲಿ ಬೆನ್ನಿನ ಚರ್ಮ ಸುಲಿದು ಬರುತ್ತಿತ್ತು. ಯಾರ ಬೆನ್ನಿಂದ ಉದ್ದನೆಯ ಚೂರು ಕಿತ್ತು ಬರುತ್ತದೆ ಅಂತ ಅಣ್ಣನಿಗೂ ನನಗೂ ಪಂದ್ಯ. ನಮಗೆ ಯಾರೂ ಬಿಸಿಲಿನ ಪಾಠ ಮಾಡಲಿಲ್ಲ.

ಎರಡನೇ ಪುಟದಲ್ಲಿ ಒಂದು ಸಾಲಿದೆ: ‘ಮಿಸ್ ಸ್ಟರಕ್ ತಮ್ಮ ಮನೆಯಲ್ಲೇ ನಡೆದ ಒಂದು ಘಟನೆಯನ್ನು ಹೇಳಿ ಮಕ್ಕಳಿಗೆ ಎಚ್ಚರಿಕೆ ಕಲಿಸುತ್ತಾರೆ.’ ಯಾವ ಘಟನೆ? ನಮ್ಮ ಮನೆಯಲ್ಲಿದ್ದವರು ಮೂರೇ ಜನ. ನಿನ್ನ ಅಮ್ಮ ಹೋಗಿ ಹದಿನೈದು ತಿಂಗಳಾಯಿತು. ಉಳಿದ ಇಬ್ಬರಲ್ಲಿ ಒಬ್ಬಳು ಪಾಠ ಮಾಡುವವಳು. ಅವಳನ್ನು ಕಳೆದರೆ ಯಾರು ಉಳಿಯುತ್ತಾರೆ? ಅಷ್ಟು ಲೆಕ್ಕ ನನಗೆ ಬರುತ್ತದೆ.

ಫೋನ್ ಮಾಡಬೇಡ. ಫೋನಿನಲ್ಲಿ ನಾವು ಮೂರನೇ ನಿಮಿಷ ಮುಟ್ಟಿದ್ದು ನನಗೆ ನೆನಪಿಲ್ಲ. ಬರೆ.

ನಿನ್ನ ಅಪ್ಪ,
ಆಲ್ವಿನ್ ಸ್ಟರಕ್

*

ಡನ್ನರ್ಸ್ ವೆಲ್
೨೦ ಫೆಬ್ರುವರಿ ೧೯೯೪

ಅಪ್ಪ,

ಸಹಿಯಲ್ಲಿ ಪೂರ್ತಿ ಹೆಸರು ಬರೆದಿದ್ದೀಯ. ಇನ್ನೊಬ್ಬ ಅಪ್ಪನಿದ್ದು ಗೊಂದಲವಾದೀತು ಅಂತಲೇ?

ಟೋಪಿಗಳನ್ನು ಹೊಲಿದವರು ಇಲ್ಲಿನ ತಾಯಂದಿರು, ಊರಿನ ಸಭಾಂಗಣದಲ್ಲಿ ಕೂತು, ಎರಡು ಶನಿವಾರ. ಒಂದೇ ಕೈಯ ಹೊಲಿಗೆಯಲ್ಲ, ಹನ್ನೊಂದು ಕೈಗಳದು. ನಿನ್ನ ಕಣ್ಣು ಈ ಸಲ ತಪ್ಪಿದೆ. ಡನ್‌ಸ್ಟನ್‌ಗೆ ಭಾಮೈದನಿಲ್ಲ. ಇರುವುದು ಒಬ್ಬ ಅಕ್ಕ, ಅವರು ಸನ್ಯಾಸಿನಿಯರ ಮಠದಲ್ಲಿದ್ದಾರೆ. ಬೇಕಾದರೆ ಅವರ ಮೇಲೂ ಸಂಶಯಪಡು.

ನಾವು ಮಾಡುವುದು ಇಷ್ಟೇ. ಬಿಡುವಿನ ಗಂಟೆಗೆ ಹತ್ತು ನಿಮಿಷ ಮೊದಲು ಮಕ್ಕಳು ಸಾಲಾಗಿ ನಿಂತು ಸನ್‌ಸ್ಕ್ರೀನ್ ಹಚ್ಚಿಕೊಳ್ಳುತ್ತಾರೆ: ಮೂಗು, ಕಿವಿಯ ಹಿಂದೆ, ಕತ್ತು, ಪಾದದ ಮೇಲ್ಭಾಗ. ಟೋಪಿ ಮರೆತವರು ಜಗಲಿಯ ಬೆಂಚಿನ ಮೇಲೆ ಕೂರುತ್ತಾರೆ. ಒಂದು ದಿನ ಡನ್‌ಸ್ಟನ್ ಕೂಡ ಕೂತಿದ್ದರು. ಎರಡನೇ ತರಗತಿಯ ಟೆಗನ್ ಅವರನ್ನು ಹಿಡಿದು ತಂದು, “ರೂಲ್ಸು ಅಂದ್ರೆ ರೂಲ್ಸು ಸಾರ್” ಅಂದಳು.

ಮಚ್ಚೆ ನೋಡುವುದನ್ನೂ ಕಲಿಸುತ್ತೇನೆ, ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಮೊದಲು ಮಚ್ಚೆಯ ಹಾಗೇ ಕಾಣುತ್ತದೆ. ಒಂದು ಸಲ ನೋಡಿದರೆ ಏನೂ ತಿಳಿಯುವುದಿಲ್ಲ. ಚಿತ್ರ ಬರೆದಿಟ್ಟು, ತಾರೀಖು ಹಾಕಿ, ಮೂರು ತಿಂಗಳು ಬಿಟ್ಟು ಮತ್ತೆ ನೋಡಬೇಕು. ಬೆಳೆದಿದೆಯೇ, ಅಂಚು ಕದಡಿದೆಯೇ, ಬಣ್ಣ ಎರಡಾಗಿದೆಯೇ. ಅಮ್ಮನ ಮೀನಖಂಡದ ಮೇಲಿದ್ದ, ಕೊನೆಗೆ ಅವಳ ಜೀವ ತೆಗೆದ ಮಚ್ಚೆಯನ್ನು ಯಾರೂ ಹೀಗೆ ಬರೆದಿಡಲಿಲ್ಲ.

ಘಟನೆ ಯಾವುದು ಅಂತ ಕೇಳಿದ್ದೀಯ. ನಾನು ಯಾರ ಹೆಸರನ್ನೂ ಹೇಳುವುದಿಲ್ಲ.

ಮೂವತ್ತೊಂದು ವರ್ಷ ಏಣಿಯ ಮೇಲೆ ಅಂಗಿ ಕಳಚಿ ನಿಂತವನು ನೀನು. ಡಾಕ್ಟರಿಗೆ ಯಾವತ್ತಾದರೂ ಬೆನ್ನು ತೋರಿಸಿದ್ದೀಯಾ?

ಲಿಯೋನಿ

*

ಪೋರ್ಟ್ ಹ್ಯಾಲಮ್
೧೫ ಮೇ ೧೯೯೪

ಲಿಯೋನಿ,

ಮೂರು ತಿಂಗಳು ಬರೆಯಲಿಲ್ಲ. ಕೆಲಸವಿತ್ತು.

ಡನ್‌ಸ್ಟನ್‌ಗೆ ಏನು ಬೇಕು ಅಂತ ನಾನೇ ಬರೆದು ಕೇಳಿದೆ. ಊಹಿಸಿದ ಹಾಗೇ ಆಯಿತು. ನಿಮ್ಮ ಮರಳುಗುಂಡಿಗೆ ನೆರಳಿಲ್ಲವಂತೆ. ಟೋಪಿ ಹಾಕಿಸಿ ಮಕ್ಕಳನ್ನು ಸುಡುವ ಮರಳಿನಲ್ಲಿ ಕೂರಿಸುತ್ತೀರಿ, ಅದಕ್ಕೆ ಪಾಠ ಅಂತ ಹೆಸರು. ನಾಲ್ಕು ಕಂಬ, ಹತ್ತಡಿ ಎತ್ತರ, ಮೇಲೊಂದು ಹಾಯಿಯಂಥ ನೆರಳುಪರದೆ. ನಾನೇ ತಂದು ಕಟ್ಟುತ್ತೇನೆ. ಉಚಿತ. ಇದರಲ್ಲಿ ಏನೋ ಇದೆ ಅಂತ ನೀನು ಅಂದುಕೊಳ್ಳುತ್ತೀಯ, ಅಂದುಕೋ. ಹಾಯಿಯನ್ನು ಎಲ್ವಾ ಹೊಲಿಯುತ್ತಿದ್ದಾಳೆ. ಇಪ್ಪತ್ತಾರು ವರ್ಷದಿಂದ ನನ್ನ ಅಂಗಡಿಯ ಮಿಷನ್ ಮೇಲೆ ಕೂತಿರುವವಳು. ಅವಳಿಗೂ ಸಂಶಯವೇ. “ಮಗಳ ಹತ್ರ ಮಾತಾಡೋಕೆ ಏಳು ಗಂಟೆ ದೂರ ಕಂಬ ಹೊತ್ಕೊಂಡು ಹೋಗ್ಬೇಕಾ? ಅಂಚೆ ಪೆಟ್ಟಿಗೆ ಇಲ್ಲೇ ಮೂಲೇಲಿದೆ” ಅನ್ನುತ್ತಾಳೆ.

ಚಳಿಗಾಲದ ರಜೆಯಲ್ಲಿ ಬರುತ್ತೇನೆ. ಜುಲೈ ಮೊದಲ ವಾರ. ಆಗ ನಮ್ಮ ಕಸುಬಿಗೆ ಗಿರಾಕಿ ಕಡಿಮೆ, ನೆಲವೂ ಅಗೆಯಲು ಹದವಾಗಿರುತ್ತದೆ.

ಬೆನ್ನಿನ ವಿಚಾರ: ನನ್ನ ಬೆನ್ನು ನನ್ನ ಹಿಂದೆ ಇದೆ, ಚೆನ್ನಾಗಿದೆ.

ಅಪ್ಪ

*

ಡನ್ನರ್ಸ್ ವೆಲ್
೨ ಜೂನ್ ೧೯೯೪

ಅಪ್ಪ,

ಜುಲೈ ನಾಲ್ಕರಿಂದ ಎಂಟರವರೆಗೆ ನಾನು ರಾಕ್‌ಹ್ಯಾಂಪ್ಟನ್‌ನಲ್ಲಿ ತರಬೇತಿಯಲ್ಲಿರುತ್ತೇನೆ. ಎರಡು ವಾರದ ರಜೆಯಲ್ಲಿ ನಾನು ಊರಲ್ಲಿರದ ಐದೇ ದಿನ ಅವು. ಡನ್‌ಸ್ಟನ್‌ರನ್ನು ಕೇಳಿದೆ. ದಿನ ಗೊತ್ತುಮಾಡುವ ಮೊದಲು ನೀನು ಶಿಕ್ಷಕರು ಯಾರು ಯಾವಾಗ ಇರುವುದಿಲ್ಲ ಅಂತ ಪಟ್ಟಿ ತರಿಸಿಕೊಂಡೆಯಂತೆ. “ನಿಮ್ಮಪ್ಪನಿಗೆ ಯಾರ ಕೆಲ್ಸಕ್ಕೂ ಅಡ್ಡ ಬರೋಕೆ ಇಷ್ಟ ಇಲ್ವಂತೆ, ಎಷ್ಟು ಸೂಕ್ಷ್ಮ ಮನುಷ್ಯ” ಅಂದರು ಪಾಪ. ನಾನು ಹೌದು ಅಂದೆ.

ನನ್ನ ಮುಖ ನೋಡಬಾರದು ಅಂತಿದ್ದರೆ ಹಾಗೇ ಬರೆಯಬಹುದಿತ್ತು. ಅಥವಾ ನಾನು ನಿನ್ನನ್ನು ನೋಡಬಾರದು ಅಂತಲೋ? ಯಾವುದು?

ಶಾಲೆಯ ಕೀಲಿಕೈ ಗುಡಿಸುವ ಕ್ರೌಸ್ ಅಮ್ಮನ ಹತ್ತಿರ ಇರುತ್ತದೆ. ಟೆಗನ್ ಅವರ ಮೊಮ್ಮಗಳು, ರಜೆಯಲ್ಲಿ ಅವರ ಹಿಂದೆಯೇ ಇರುತ್ತಾಳೆ. ಟೋಪಿ ತಾ.

ಲಿಯೋನಿ

*

ಪೋರ್ಟ್ ಹ್ಯಾಲಮ್
೧೦ ಜುಲೈ ೧೯೯೪

ಲಿಯೋನಿ,

ಕೆಲಸ ಮುಗಿಯಿತು. ನಾಲ್ಕು ಕಂಬ, ಒಂದೊಂದೂ ಮೂರಡಿ ಆಳಕ್ಕೆ, ಕಾಂಕ್ರೀಟು ಹಾಕಿ. ಹಾಯಿ ಡೋಲಿನ ಚರ್ಮದ ಹಾಗೆ ಬಿಗಿಯಾಗಿದೆ. ಮಧ್ಯಾಹ್ನ ಹನ್ನೆರಡು ಗಂಟೆಗೆ, ಅಂದರೆ ನಿಮ್ಮ ಊಟದ ಬಿಡುವಿಗೆ, ನೆರಳು ಮರಳುಗುಂಡಿಯ ನಾಲ್ಕು ಮೂಲೆಯನ್ನೂ ಮುಚ್ಚುತ್ತದೆ. ಗಡಿಯಾರ ಹಿಡಿದು ನೋಡಿ, ನೆರಳಿನ ನಾಲ್ಕು ಮೂಲೆಗೂ ಒಂದೊಂದು ಗೂಟ ಹೊಡೆದಿದ್ದೇನೆ. ಯಾರಾದರೂ ವಕ್ರ ಅಂದರೆ ಟೇಪು ಹಿಡಿಯಲಿ.

ಆ ಟೆಗನ್ ಅನ್ನುವ ಹುಡುಗಿಯನ್ನು ನೀನೇ ತಯಾರು ಮಾಡಿ ಬಿಟ್ಟಿದ್ದೀಯ. ಮೊದಲ ದಿನವೇ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

“ತಾತ, ಟೋಪಿ ಇಲ್ಲ, ಆಟ ಇಲ್ಲ.”

“ನಾನು ಆಟ ಆಡ್ತಿಲ್ಲಮ್ಮ, ಕೆಲ್ಸ ಮಾಡ್ತಿದೀನಿ.”

“ಹಾಗಾದ್ರೆ ಟೋಪಿ ಇಲ್ಲ, ಕೆಲ್ಸ ಇಲ್ಲ. ಬೆಂಚು ಅಲ್ಲಿದೆ.”

ಕ್ರೌಸ್ ಅಮ್ಮ ಗುಡಿಸುವುದು ಬಿಟ್ಟು ನಕ್ಕಳು. ನಾನು ಹೋಗಿ ಕೂತೆ, ಐದು ನಿಮಿಷ. ವಾದ ಮಾಡಿದ್ದರೆ ಹತ್ತು ನಿಮಿಷ ಹಾಳಾಗುತ್ತಿತ್ತು. ಅದಾದ ಮೇಲೂ ಆ ಹುಡುಗಿ ಹೋಗಲಿಲ್ಲ. ನಾನು ಅಂಗಿ ಕಳಚಿ ಗುಂಡಿ ಅಗೆಯುವಾಗ ಹಿಂದೆ ಕೂತು ಏನೋ ಗೀಚುತ್ತಿದ್ದಳು. ತೋರಿಸು ಅಂದರೆ ಹಾಳೆ ಮುಚ್ಚಿಕೊಂಡಳು. ಇಂಥದ್ದು ನನಗೆ ಹಿಡಿಸುವುದಿಲ್ಲ.

ಇನ್ನೊಂದು. ಕ್ರೌಸ್ ಅಮ್ಮ ಚಹಾ ಕೊಡುವಾಗ ಹೇಳಿದಳು: “ನಿಮ್ಮ ಮಗಳು ಆ ಕತೆ ಹೇಳೋವಾಗ ನಾನು ಕಿಟಕಿ ಒರೆಸ್ತಾ ಕೇಳಿದೀನಿ. ಮನೇಲೊಬ್ರು ಆ ಗುರುತು ನೋಡಿದ್ರಂತೆ. ನೋಡಿ ಸುಮ್ನಿದ್ರಂತೆ. ಮಕ್ಕಳು ಉಸಿರು ಬಿಡದೆ ಕೇಳ್ತವೆ.” ಹೇಳಿ ನನ್ನ ಮುಖ ನೋಡಿದಳು, ಆಮೇಲೆ ಬಿಸ್ಕತ್ತು ಮುಂದೆ ತಳ್ಳಿದಳು. ಒಂದೇ ಬಿಸ್ಕತ್ತು ಮೂರು ಸಲ ತಳ್ಳಿದಳು.

ಹೆಸರು ಹೇಳುವುದಿಲ್ಲ ಅಂತ ನೀನು ಬರೆದಿದ್ದೆ. ಸರಿ, ಹೆಸರು ಹೇಳಿಲ್ಲ. ನಾನು ಫೆಬ್ರುವರಿಯಲ್ಲಿ ಮಾಡಿದ ಲೆಕ್ಕ ತಾಳೆಯಾಯಿತು. ನಲವತ್ತೊಂದು ಮಕ್ಕಳ ಮುಂದೆ ನನ್ನನ್ನು ನಿಲ್ಲಿಸಿ, ಅವರ ತಲೆಯ ಮೇಲಿನ ನೆರಳನ್ನೂ ನನ್ನ ಕೈಯಿಂದಲೇ ಕಟ್ಟಿಸಿದ್ದೀಯ.

ಅಪ್ಪ

*

ಡನ್ನರ್ಸ್ ವೆಲ್
೨೪ ಜುಲೈ ೧೯೯೪

ಅಪ್ಪ,

ಕೋಪ ಆಮೇಲೆ ಮಾಡಿಕೊಳ್ಳೋಣ. ಮೊದಲು ಇದನ್ನು ಓದು.

ರಜೆಗೆ ಮಕ್ಕಳಿಗೆ ಹೋಮ್‌ವರ್ಕ್ ಕೊಟ್ಟಿದ್ದೆ. ಮನೆಯಲ್ಲಿ ದೊಡ್ಡವರೊಬ್ಬರ ಬೆನ್ನು ನೋಡಿ, ಮಚ್ಚೆಗಳನ್ನು ಕೆಂಪು ಪೆನ್ಸಿಲಿನಲ್ಲಿ ಗುರುತುಮಾಡಬೇಕು, ಆಕಾರ ಬರೆಯಬೇಕು. ಕ್ರೌಸ್ ಅಮ್ಮ, “ನನ್ನ ಬೆನ್ನು ನೋಡಿದೋನು ನಿಮ್ಮಜ್ಜ ಒಬ್ನೇ, ನಡಿಯೇ ಆಚೆ” ಅಂದರಂತೆ. ಅದಕ್ಕೆ ಟೆಗನ್ ಬೇರೆಯವರನ್ನು ಹುಡುಕಿಕೊಂಡಳು. ಅವಳ ಹಾಳೆ ನನ್ನ ಮೇಜಿನ ಮೇಲಿದೆ. ತಲೆಬರಹ: ‘ಟೋಪಿ ಇಲ್ಲದ ತಾತ’. ಎಡ ಹೆಗಲಮೂಳೆಯ ಕೆಳಗೆ ಒಂದು ಗುರುತು. ಪಕ್ಕದಲ್ಲಿ ಬರೆದಿದ್ದಾಳೆ: ‘ಕಚ್ಚಿದ ಬಿಸ್ಕತ್ತಿನ ಹಾಗಿದೆ. ಎರಡು ಬಣ್ಣ. ಇದು ಒಳ್ಳೇದಲ್ಲ ಮಿಸ್.’

ಅವಳಿಗೆ ಏಳು ವರ್ಷ. ಹೇಳಿಕೊಟ್ಟದ್ದನ್ನು ಮಾಡಿದ್ದಾಳೆ, ನಾನು ಗೂಢಚಾರಿಕೆಗೆ ಕಳಿಸಿಲ್ಲ. ನೀನು ಬೇಕಂತಲೇ ನಾನಿರದ ವಾರ ಆರಿಸಿಕೊಂಡೆ, ಈಗ ಅದು ಯಾಕೆ ಅಂತ ನನಗೆ ಸಂಶಯ. ಬೆನ್ನಿಗೆ ಅಂಗಿ ತಾಗಿದರೆ ಉರಿಯುತ್ತಿದೆಯಾ? ನಿನಗೆ ಮೊದಲೇ ಗೊತ್ತಿತ್ತಾ?

ಬೆನ್ನಿನ ಖಾಲಿ ನಕ್ಷೆಯೊಂದನ್ನು ಇಟ್ಟಿದ್ದೇನೆ. ಯಾರ ಕೈಯಲ್ಲಾದರೂ ಗುರುತು ಹಾಕಿಸಿ, ಅಳತೆ ಬರೆಸಿ ಕಳಿಸು. ಅದಕ್ಕಿಂತ ಒಳ್ಳೆಯದು, ನಾಳೆಯೇ ಡಾಕ್ಟರ ಹತ್ತಿರ ಹೋಗು.

ಇನ್ನೊಂದು ಪ್ರಶ್ನೆ ಇದೆ. ಮೂರು ವರ್ಷದಿಂದ ಕೇಳದೆ ಉಳಿದದ್ದು. ೧೯೯೧ರಲ್ಲಿ ಅಮ್ಮ ಡಾಕ್ಟರಿಗೆ ತೋರಿಸಿದ್ದು ಸೆಪ್ಟೆಂಬರಿನಲ್ಲಿ. ಅದಕ್ಕೆ ಮೊದಲು ಅವಳ ಕಾಲಿನ ಗುರುತನ್ನು ನೀನು ನೋಡಿದ್ದೆಯಾ?

ಲಿಯೋನಿ

*

ಪೋರ್ಟ್ ಹ್ಯಾಲಮ್
೭ ಆಗಸ್ಟ್ ೧೯೯೪

ಲಿಯೋನಿ,

ನಕ್ಷೆ ವಾಪಸ್ ಇಟ್ಟಿದ್ದೇನೆ, ಖಾಲಿಯಾಗೇ. ಒಂಟಿ ಮನುಷ್ಯ, ನನ್ನ ಬೆನ್ನಿಗೆ ಗುರುತು ಹಾಕಲು ಯಾರನ್ನು ಕರೆಯಲಿ, ಅಂಚೆಯವನನ್ನೇ?

ಅದು ಹುಟ್ಟುಮಚ್ಚೆ. ಏಳು ವರ್ಷದವಳ ಕೆಂಪು ಪೆನ್ಸಿಲು ನೋಡಿ ಡಾಕ್ಟರನ್ನು ಎಬ್ಬಿಸುವಷ್ಟು ಹುಚ್ಚು ನನಗಿಲ್ಲ.

ಉಳಿದ ಪ್ರಶ್ನೆಗೆ ಉತ್ತರ ನಿನ್ನ ಕತೆಯಲ್ಲಿ ಆಗಲೇ ಇದೆಯಲ್ಲ.

ಆಲ್ವಿನ್

*

ಡನ್ನರ್ಸ್ ವೆಲ್
೧೬ ಅಕ್ಟೋಬರ್ ೧೯೯೪

ಅಪ್ಪ,

ಹುಟ್ಟುಮಚ್ಚೆ ಅಂದೆ. ನಾನು ಹತ್ತನೇ ವಯಸ್ಸಿನಲ್ಲಿ ನಿನ್ನ ಹೆಗಲ ಮೇಲೆ ಕೂತು ಸಮುದ್ರಕ್ಕೆ ಇಳಿದ ಫೋಟೋ ನನ್ನ ಹತ್ತಿರ ಇದೆ, ಅಮ್ಮ ಹಿಂದಿನಿಂದ ತೆಗೆದದ್ದು. ಹೆಗಲಮೂಳೆಯ ಕೆಳಗೆ ಏನೂ ಇಲ್ಲ. ನೀನು ಸುಳ್ಳು ಹೇಳಿದೆ ಅಂತ ಆಗಸ್ಟಿನಲ್ಲೇ ಬರೆದಿಟ್ಟಿದ್ದೆ, ಅಂಚೆಗೆ ಹಾಕಲಿಲ್ಲ. ಹಾಕಿದರೆ ನೀನು ಬರೆಯುವುದನ್ನೇ ಬಿಡುತ್ತೀಯ ಅನ್ನುವ ಭಯ.

ಇವತ್ತು ಬರೆಯುತ್ತಿರುವುದು ಬೇರೆ ವಿಷಯಕ್ಕೆ. ನಿನ್ನ ನೆರಳು ಸರಿದಿದೆ.

ಹೋದ ವಾರ ಊಟದ ಬಿಡುವಿನಲ್ಲಿ ಟೆಗನ್ ಬಂದು, “ಮಿಸ್, ತಾತನ ಗೂಟಕ್ಕೆ ನೆರಳು ಸಿಗ್ತಿಲ್ಲ” ಅಂದಳು. ಹೋಗಿ ನೋಡಿದೆವು. ಹನ್ನೆರಡು ಗಂಟೆ. ನೆರಳು ಮರಳುಗುಂಡಿ ಬಿಟ್ಟು ಉತ್ತರದ ಹುಲ್ಲಿನ ಮೇಲೆ ಬಿದ್ದಿತ್ತು. ಮುಕ್ಕಾಲು ಗುಂಡಿ ಬಿಸಿಲಿನಲ್ಲಿ. ಮಕ್ಕಳು ಐದು ದಿನ ಅದೇ ಹೊತ್ತಿಗೆ ಹಗ್ಗ ಹಿಡಿದು ಅಳೆದರು. ನಿನ್ನ ಗೂಟದಿಂದ ಎಂಟು ಅಡಿ.

ಬೈಯಲು ಬರೆದದ್ದಲ್ಲ. ಮಕ್ಕಳನ್ನು ಗುಂಡಿಯಿಂದ ಎಬ್ಬಿಸಿ ಜಗಲಿಗೆ ಕಳಿಸಿದ್ದೇವೆ, ನಿನಗೆ ತಿಳಿದಿರಲಿ ಅಂತ.

ಲಿಯೋನಿ

*

ಪೋರ್ಟ್ ಹ್ಯಾಲಮ್
೨೩ ಅಕ್ಟೋಬರ್ ೧೯೯೪

ಲಿಯೋನಿ,

ಎಂಟು ಅಡಿ ಸಾಧ್ಯವೇ ಇಲ್ಲ. ಮಕ್ಕಳು ಗೂಟ ಕಿತ್ತು ಬೇರೆ ಕಡೆ ಹೊಡೆದಿರಬೇಕು. ಅಥವಾ ಹೊಡೆಯಲು ಯಾರೋ ಹೇಳಿರಬೇಕು. ಯಾರು ಅಂತ ನಾನು ಬರೆಯುವುದಿಲ್ಲ.

ಈ ಕೆಳಗಿನದಕ್ಕೆ ಉತ್ತರ ಕಳಿಸು: ಯಾವ ಯಾವ ತಾರೀಖು, ಯಾರ ಗಡಿಯಾರ, ಹಗ್ಗ ಹಿಡಿದವರು ಯಾರು, ಗೂಟದಿಂದ ಬೇಲಿಗೆ ಎಷ್ಟು ಅಡಿ. ಜುಲೈಯಲ್ಲಿ ಬೇಲಿಗೆ ಹತ್ತೊಂಬತ್ತು ಅಡಿ ಎರಡು ಅಂಗುಲ ಇತ್ತು. ಅಷ್ಟೇ ಇದ್ದರೆ ಮುಂದೆ ಮಾತಾಡೋಣ.

ಅಪ್ಪ

*

ಡನ್ನರ್ಸ್ ವೆಲ್
೨೬ ಅಕ್ಟೋಬರ್ ೧೯೯೪

ಅಪ್ಪ,

ಹತ್ತರಿಂದ ಹದಿನಾಲ್ಕನೇ ತಾರೀಖು. ಡನ್‌ಸ್ಟನ್‌ರ ಗಡಿಯಾರ. ಹಗ್ಗದ ಒಂದು ತುದಿ ಟೆಗನ್, ಇನ್ನೊಂದು ಕ್ರೌಸ್ ಅಮ್ಮ.

ಬೇಲಿಗೆ ಹತ್ತೊಂಬತ್ತು ಅಡಿ ಎರಡು ಅಂಗುಲ.

ಲಿಯೋನಿ

*

ಪೋರ್ಟ್ ಹ್ಯಾಲಮ್
೨೦ ನವೆಂಬರ್ ೧೯೯೪

ಲಿಯೋನಿ,

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇದು ಐದನೆಯದು, ಹೇಗೆ ಬಂದರೆ ಹಾಗೆ.

ಗೂಟ ಸರಿದಿರಲಿಲ್ಲ. ನಿನ್ನ ಪತ್ರ ಬಂದ ದಿನ ಅಂಗಳದಲ್ಲಿ ಹತ್ತಡಿಯ ಕೋಲು ನೆಟ್ಟು ಹನ್ನೆರಡು ಗಂಟೆಯವರೆಗೆ ಕಾದೆ. ಜುಲೈಯಲ್ಲಿ ಸೂರ್ಯ ಉತ್ತರಕ್ಕೆ ಬಾಗಿರುತ್ತಾನೆ, ನೆರಳು ದಕ್ಷಿಣಕ್ಕೆ ಚಾಚಿರುತ್ತದೆ. ಬೇಸಿಗೆಯ ಹೊತ್ತಿಗೆ ಅವನು ನೆತ್ತಿಗೆ ಬರುತ್ತಾನೆ, ನೆರಳು ಹಾಯಿಯ ಅಡಿಗೇ ಹಿಂತಿರುಗುತ್ತದೆ. ಶಾಲೆಯ ಮಕ್ಕಳಿಗೂ ಗೊತ್ತಿರುವ ವಿಷಯ. ಮೂವತ್ತೊಂದು ವರ್ಷ ನಾನು ಕಟ್ಟಿದ್ದು ಅಂಗಡಿಯ ಗೋಡೆಗೆ. ಅಲ್ಲಿ ನೆರಳು ಸರಿದರೆ ಗೋಡೆಯ ಮೇಲೆ ಇಳಿಯುತ್ತದೆ, ಯಾರೂ ಕೇಳುವುದಿಲ್ಲ. ನಾನು ಒಂದೇ ದಿನ ನೋಡಿದೆ, ಗೂಟ ಹೊಡೆದೆ, ಇದೇ ಖಾಯಂ ಅಂದುಕೊಂಡೆ. ಒಂದು ಸಲ ನೋಡಿದರೆ ಏನೂ ತಿಳಿಯುವುದಿಲ್ಲ ಅಂತ ನೀನು ಫೆಬ್ರುವರಿಯಲ್ಲೇ ಬರೆದಿದ್ದೆ.

ಈಗ ಬೆನ್ನು. ಆಗಸ್ಟಿನಲ್ಲಿ ನಿನಗೆ ಖಾಲಿ ನಕ್ಷೆ ವಾಪಸ್ ಕಳಿಸಿದೆನಲ್ಲ, ಕಳಿಸುವ ಮೊದಲು ಎಲ್ವಾ ಅದರ ನಕಲು ತೆಗೆದಿದ್ದಳು. ಅಂಗಡಿಯ ಬಾಗಿಲು ಹಾಕಿ ಅವಳಿಗೆ ಬೆನ್ನು ತೋರಿಸಿದೆ. ಹೊಲಿಗೆಯ ಟೇಪಿನಲ್ಲಿ ಅಳೆದಳು: ಒಂದು ಅಂಗುಲದ ಎಂಟರಲ್ಲಿ ಮೂರು ಭಾಗ. ತಾರೀಖು ಹಾಕಿದಳು. ನಿನಗೆ ಸುಳ್ಳು ಬರೆದದ್ದು ಅದಾಗಿ ಎರಡನೇ ದಿನ. ಆ ಹುಡುಗಿಯ ಹಾಳೆ ನಂಬಬಾರದು ಅಂತ ನನಗೆ ಹಟ, ಆದರೂ ಪರೀಕ್ಷೆ ಮಾಡದೆ ಇರಲು ಆಗಲಿಲ್ಲ. ಕೋಲು ನೆಟ್ಟ ದಿನ ಸಂಜೆ ಮತ್ತೆ ಅಳೆಸಿದೆ. ಅರ್ಧ ಅಂಗುಲ, ಒಂದು ಬದಿಗೆ ಚಾಚಿಕೊಂಡಿದೆ. ಎಲ್ವಾ ಟೇಪು ಸುತ್ತಿ ಹೇಳಿದಳು, “ಕ್ಯಾನ್ವಾಸ್‌ನಲ್ಲಿ ಇಂಥ ಕಲೆ ಇದ್ದಿದ್ರೆ ಇಡೀ ಸುರುಳಿ ವಾಪಸ್ ಕಳಿಸ್ತಿದ್ದೆ ಆಲ್ವಿನ್. ನಡಿ, ಕಾರು ತೆಗಿ.”

ಡಾಕ್ಟರ್ ಫೆನೆಕ್ ಅಂತ ಒಬ್ಬ ಹೆಣ್ಣುಮಗಳು, ನಿನ್ನ ವಯಸ್ಸು. ಅವತ್ತೇ ಕತ್ತರಿಸಿ ಪರೀಕ್ಷೆಗೆ ಕಳಿಸಿದಳು. ಕೆಟ್ಟ ಜಾತಿಯದೇ, ಅಮ್ಮನಿಗೆ ಬಂದದ್ದೇ. ಆದರೆ ತೆಳು, ಚರ್ಮದೊಳಗೆ ಅರ್ಧ ಮಿಲಿಮೀಟರಿನಷ್ಟೂ ಇಳಿದಿಲ್ಲವಂತೆ. ಹೋದ ಮಂಗಳವಾರ ಸುತ್ತಲೂ ಇನ್ನಷ್ಟು ಕತ್ತರಿಸಿದಳು, ಹದಿನಾಲ್ಕು ಹೊಲಿಗೆ. ಹೊಲಿಗೆ ಸಮನಾಗಿದೆ ಅಂತ ಎಲ್ವಾ ನೋಡಿ ಒಪ್ಪಿದಳು. “ಇನ್ನೊಂದು ಬೇಸಿಗೆ ಬಿಟ್ಟಿದ್ರೆ ನಾವು ಬೇರೆ ಮಾತಾಡ್ತಾ ಇರ್ತಿದ್ವಿ. ಯಾರು ಕಂಡು ಹಿಡಿದಿದ್ದು?” ಅಂತ ಕೇಳಿದಳು ಡಾಕ್ಟರು. ಎರಡನೇ ತರಗತಿಯವಳು ಅಂದೆ. ತಮಾಷೆ ಅಂದುಕೊಂಡಳು. ಮೂರು ತಿಂಗಳಿಗೊಮ್ಮೆ ಬೆನ್ನು ತೋರಿಸಬೇಕು, ತೋರಿಸುತ್ತೇನೆ.

ಎಲ್ವಾ ಬರೆದ ಎರಡೂ ನಕ್ಷೆ ಇದರ ಜೊತೆಗಿವೆ. ಪಕ್ಕಪಕ್ಕ ಇಟ್ಟು ನೋಡು.

ಇನ್ನು ನಿನ್ನ ಪ್ರಶ್ನೆ. ಹೌದು, ನೋಡಿದ್ದೆ. ಒಂದು ಸಲವಲ್ಲ, ಎರಡು ಸಲ. ಏಪ್ರಿಲ್‌ನಲ್ಲಿ, ಈಸ್ಟರ್ ಕಳೆದ ವಾರ ಒಂದು ಸಲ. ಆಮೇಲೆ ಜೂನಿನಲ್ಲಿ, ಕೃಷಿಮೇಳದ ಹಿಂದಿನ ದಿನ. ನಾನು ಮೇಳದ ಡೇರೆಗಳ ಲೆಕ್ಕದಲ್ಲಿ ಮುಳುಗಿದ್ದೆ. ನಿನ್ನ ಅಮ್ಮ ನೋಲಾ ಸ್ನಾನದ ತೊಟ್ಟಿಯ ಅಂಚಿನ ಮೇಲೆ ಕೂತು ಕಾಲು ಹಿಂದಕ್ಕೆ ತಿರುಗಿಸಿ ಕೇಳಿದಳು, “ಆಲ್, ಇದು ದೊಡ್ಡದಾಗಿದ್ಯಾ ನೋಡು. ನನಗೆ ಕಾಣಲ್ಲ.” ಹತ್ತು ಹೆಜ್ಜೆಯಿಂದ ಕಾಲಂಗುಲ ಹಿಡಿಯುವ ಕಣ್ಣು ಇದು. ಅವಳು ನನ್ನಿಂದ ಒಂದು ಮೊಳ ದೂರದಲ್ಲಿದ್ದಳು. ದೊಡ್ಡದಾಗಿತ್ತು. ಅವಳ ಮುಖದಲ್ಲಿ ಹೆದರಿಕೆ ಕಂಡೆ. “ಇದ್ದ ಹಾಗೇ ಇದೆ ಕಣೇ” ಅಂದೆ. ಅವಳು ನಂಬಿದಳು. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು, ನಾನು ಮಾಡಲಿಲ್ಲ. ಮೇಳ ಮುಗಿಯಲಿ ಅಂದುಕೊಂಡೆ. ಮೇಳದ ನಂತರ ಇನ್ನೇನೋ ಬಂತು.

ನಿನ್ನ ಕತೆಯಲ್ಲಿ ಹೆಸರು ಹೇಳಬೇಕು ಅನ್ನಿಸಿದರೆ ಹೇಳು. ಸುಮ್ಮನಿದ್ದ ಅಂತ ಮಾತ್ರ ಹೇಳಬೇಡ. ಸುಳ್ಳು ಹೇಳಿದ ಅನ್ನು.

ಡಿಸೆಂಬರ್ ಮೊದಲ ವಾರ ಬಂದು ಕಂಬಗಳನ್ನು ದಕ್ಷಿಣಕ್ಕೆ ಸರಿಸಿ ಹಾಯಿಯನ್ನು ದೊಡ್ಡದು ಮಾಡುತ್ತೇನೆ, ಚಳಿಗಾಲಕ್ಕೂ ಬೇಸಿಗೆಗೂ ಆಗುವಂತೆ. ಬಾಗಿ ಅಗೆಯುವ ಹಾಗಿಲ್ಲ, ಊರಿನವರು ಯಾರಾದರೂ ಅಗೆದರೆ ನಾನು ನಿಂತು ಅಳತೆ ಹೇಳುತ್ತೇನೆ. ನೀನು ಇರುವ ವಾರವೇ ಬರುತ್ತೇನೆ. ಬೇಡವಾದರೆ ಬೇಡ ಅಂತ ಬರೆ.

ಅಪ್ಪ

*

ಡನ್ನರ್ಸ್ ವೆಲ್
೨೭ ನವೆಂಬರ್ ೧೯೯೪

ಅಪ್ಪ,

ಬಾ. ಶಾಲೆ ಒಂಬತ್ತನೇ ತಾರೀಖಿನವರೆಗೂ ಇರುತ್ತದೆ. ಟೆಗನ್‌ಗೆ ಹೊಲಿಗೆ ಎಣಿಸಬೇಕಂತೆ, ಎರಡು ಸಲ. ತೋರಿಸಲೇಬೇಕಾಗುತ್ತದೆ.

ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಆಮೇಲೆ ನಿನ್ನ ಪತ್ರದ ಕೊನೆಯ ಪುಟ. ಅದನ್ನು ಓದಿ ಹೊರಗೆ ಹೋಗಿ ತುಂಬಾ ಹೊತ್ತು ನಡೆದೆ. ಕ್ಷಮಿಸಿದೆ ಅಂತ ಬರೆಯಲು ಕೂತರೆ ಕೈ ಓಡುತ್ತಿಲ್ಲ, ಕ್ಷಮಿಸುವುದಿಲ್ಲ ಅಂತ ಬರೆಯಲೂ ಇಲ್ಲ. ಹಾಗಾಗಿ ಗೊತ್ತಿರುವುದನ್ನು ಮಾತ್ರ ಬರೆಯುತ್ತೇನೆ.

ನೀನು ಕಳೆಯುವ ಲೆಕ್ಕ ತಪ್ಪು ಮಾಡಿದೆ. ಮೂವರಲ್ಲಿ ಪಾಠ ಹೇಳುವವಳನ್ನು ಕಳೆಯಬಾರದಿತ್ತು.

ನಾನು ಮಕ್ಕಳಿಗೆ ಹೇಳುವ ಕತೆಯಲ್ಲಿ ನೋಡಿ ಸುಮ್ಮನಿದ್ದದ್ದು ಗಂಡಸಲ್ಲ. ಒಬ್ಬಳು ಮಗಳಿದ್ದಾಳೆ, ದೊಡ್ಡವಳು, ಬೇರೆ ಊರಲ್ಲಿ ಕೆಲಸ. ಈಸ್ಟರ್‌ಗೆ ಮನೆಗೆ ಬಂದವಳು ಹಿತ್ತಿಲ ಮೆಟ್ಟಿಲ ಮೇಲೆ ಅಮ್ಮನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಉಗುರಿಗೆ ಬಣ್ಣ ಹಚ್ಚುತ್ತಾಳೆ. ಅಮ್ಮ ಕಾಲು ತಿರುಗಿಸಿದಾಗ ಆ ಗುರುತು ಕಾಣುತ್ತದೆ. ಕೇಳಬೇಕು ಅಂದುಕೊಳ್ಳುತ್ತಾಳೆ. ಅಪ್ಪ ದಿನಾ ಮನೆಯಲ್ಲೇ ಇರುತ್ತಾನೆ, ಅವನು ನೋಡಿರುತ್ತಾನೆ ಅಂದುಕೊಂಡು ಇನ್ನೊಂದು ಕಾಲು ಎತ್ತಿಕೊಳ್ಳುತ್ತಾಳೆ. ಮಾರನೇ ದಿನ ಬಸ್ಸು ಹತ್ತುತ್ತಾಳೆ. ಕತೆ ಅಷ್ಟೇ.

ಇಷ್ಟು ದಿನ ನಿನ್ನ ಮೇಲೆ ಸಂಶಯಪಟ್ಟೆ. ನೀನು ನೋಡಿದ್ದರೆ ನನ್ನ ಪಾಲು ಕಡಿಮೆಯಾಗುತ್ತದೆ ಅನ್ನುವ ಆಸೆಯಿತ್ತು. ಈಗ ಗೊತ್ತಾಯಿತು, ಆಗುವುದಿಲ್ಲ.

ಕತೆ ಮುಗಿದಾಗೆಲ್ಲ ಟೆಗನ್ ಕೈಯೆತ್ತುತ್ತಾಳೆ. ಪ್ರತಿ ಸಲವೂ ಒಂದೇ ಪ್ರಶ್ನೆ: “ಮಿಸ್, ಆ ಹುಡುಗಿ ಆಮೇಲಾದ್ರೂ ಅವ್ಳ ಅಪ್ಪಂಗೆ ಹೇಳಿದ್ಲಾ?”

ಇಷ್ಟು ದಿನ ಇಲ್ಲ ಅನ್ನುತ್ತಿದ್ದೆ. ನಾಳೆ ಸೋಮವಾರ, ಮತ್ತೆ ಆ ಪಾಠವಿದೆ. ಈ ಪತ್ರವನ್ನು ಶಾಲೆಗೆ ಹೋಗುವ ದಾರಿಯಲ್ಲೇ ಅಂಚೆಗೆ ಹಾಕುತ್ತೇನೆ, ಅವಳು ಕೈಯೆತ್ತುವ ಮೊದಲು.

ನಿನ್ನ,
ಲೀ